ಬೆಟ್ಟ ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ ನೋವು

ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಹೋಗುವವರಲ್ಲಿ ಎರಡು ಪಂಗಡ. ಹತ್ತಿ, ದರ್ಶನ ಮುಗಿಸಿ, ಸಿಟಿ ಬಸ್ಸಿನಲ್ಲಿ ಕೆಳಗೆ ಬರುವವರು ಒಂದು ಪಂಗಡ. ಹತ್ತಿದ ದಾರಿಯಲ್ಲೇ ನಡೆದು ಇಳಿಯುವವರು ಇನ್ನೊಂದು. ಭಾನುವಾರ ಸಂಜೆ ಇಬ್ಬರೂ ಒಂದೇ ಥರ ಸುಸ್ತಾಗಿರುತ್ತಾರೆ. ಮಂಗಳವಾರ ಬೆಳಿಗ್ಗೆ ನೋಡಿ. ಬಸ್ಸಿನವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ. ನಡೆದು ಇಳಿದವರು ಇಂಡಿಯನ್ ಟಾಯ್ಲೆಟ್ಟಿನಲ್ಲಿ ಗೋಡೆ ಹಿಡಿದು, ದೇವರ ಹೆಸರು ಹೇಳಿಕೊಂಡು ಕೂರುತ್ತಿರುತ್ತಾರೆ.

ವಿಚಿತ್ರ ಅಲ್ವಾ? ಎದೆ ಹೊಡೆದುಕೊಂಡಿದ್ದು, ಏದುಸಿರು ಬಂದಿದ್ದು, ನಂದಿ ಹತ್ತಿರ ನಿಂತು ನೀರು ಕುಡಿದಿದ್ದು ಎಲ್ಲ ಹತ್ತುವಾಗ. ಇಳಿಯುವಾಗ ಹರಟೆ ಹೊಡೆದುಕೊಂಡು, ಕಡಲೆಕಾಯಿ ತಿಂದುಕೊಂಡು ಇಳಿದಿರುತ್ತೇವೆ. ತೊಡೆ ಹಿಡಿದುಕೊಳ್ಳುವುದು ಮಾತ್ರ ಆ ಸುಲಭದ ಕೆಲಸಕ್ಕೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಈ ಸಾವಿರ ಚಿಲ್ಲರೆ ಮೆಟ್ಟಿಲು ಕಟ್ಟಿಸಿದಾಗಿನಿಂದಲೂ ಈ ಪ್ರಯೋಗ ದಿನಾ ನಡೆಯುತ್ತಿದೆ. ಫಲಿತಾಂಶವನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ, ಅಷ್ಟೆ.

ಇದೆಲ್ಲ ನೆನಪಾಗಿದ್ದು ನನ್ನ ಅಕ್ಕನ ಮಗನಿಂದ. ಹೊಸದಾಗಿ ಜಿಮ್ ಸೇರಿದ್ದಾನೆ. ಮೊದಲ ಲೆಗ್ ಡೇ, ಅಂದರೆ ಕಾಲಿನ ವ್ಯಾಯಾಮದ ದಿನ, ಮುಗಿಸಿ ಎರಡು ದಿನ ಆದ ಮೇಲೆ ಫೋನ್ ಮಾಡಿದ. "ಮಾವ, ಮೆಟ್ಟಿಲು ಇಳಿಯೋಕೆ ಆಗ್ತಿಲ್ಲ. ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆಯಂತೆ. ನಿಂಬೆಹಣ್ಣು, ಸಕ್ಕರೆ ನೀರು ಕುಡಿ ಅಂದ್ರು. ನೋವಿದೆ ಅಂದ್ರೆ ಮಸಲ್ ಬೆಳೀತಿದೆ ಅಂತ ಅರ್ಥವಂತೆ." ಒಂದೇ ಉಸಿರಿನಲ್ಲಿ ಮೂರು ಸುಳ್ಳು. ಅವನ ತಪ್ಪಲ್ಲ, ಊರೆಲ್ಲ ಹೇಳುವುದೇ ಹಾಗೆ. ನನಗೆ ಮಾತ್ರ ತಡೆಯಲಾಗಲಿಲ್ಲ.

ಮೊದಲು ಆ ಆಸಿಡ್ಡಿನ ಕಥೆ ಮುಗಿಸಿಬಿಡೋಣ. ಲ್ಯಾಕ್ಟಿಕ್ ಆಮ್ಲ ಅಂದರೆ ನಮ್ಮ ಹುಳಿ ಮಜ್ಜಿಗೆಯ ಹುಳಿಯೇ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಅದನ್ನು ಹುಳಿತ ಹಾಲಿನಿಂದ ಬೇರ್ಪಡಿಸಿದ. 1907ರಲ್ಲಿ ಕೇಂಬ್ರಿಡ್ಜಿನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯು ತೆಗೆದುಕೊಂಡು, ಅದು ದಣಿಯುವ ತನಕ ದುಡಿಸಿದರು. ಒಳಗೆ ಲ್ಯಾಕ್ಟಿಕ್ ಆಮ್ಲ ಕೂಡಿತ್ತು. ಕೂಡದೆ ಇನ್ನೇನು? ದೇಹದಿಂದ ಕತ್ತರಿಸಿ ತೆಗೆದ ಸ್ನಾಯು ಅದು, ರಕ್ತ ಹರಿಯುತ್ತಿಲ್ಲ, ಹುಟ್ಟಿದ ಆಮ್ಲ ಎಲ್ಲಿಗೆ ಹೋಗಬೇಕು! ಇಂಥ ಪ್ರಯೋಗಗಳಿಂದ ಹೊರಟ ಮಾತು ದಣಿವಿನಿಂದ ನೋವಿಗೆ ಹಾರಿತು, ನೂರು ವರ್ಷ ಕಳೆದರೂ ಜಿಮ್ಮುಗಳಲ್ಲಿ ತಿರುಗಾಡುತ್ತಿದೆ. ಜೀವಂತ ಮನುಷ್ಯನಲ್ಲಿ ಲ್ಯಾಕ್ಟೇಟ್ (ಈ ಆಮ್ಲ ದೇಹದೊಳಗೆ ಇರುವ ರೂಪ) ಹೆಚ್ಚೆಂದರೆ ಒಂದೆರಡು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಅದು ಕಸವೂ ಅಲ್ಲ, ಹೃದಯ ಅದನ್ನೇ ಉರುವಲು ಮಾಡಿಕೊಳ್ಳುತ್ತದೆ. ಭಾನುವಾರ ಮಧ್ಯಾಹ್ನವೇ ಖಾಲಿಯಾದ ವಸ್ತು ಮಂಗಳವಾರ ನೋಯಿಸುವುದು ಹೇಗೆ?

ಇದಕ್ಕೂ ಸಮಾಧಾನ ಆಗದವರಿಗೆ 1983ರ ಒಂದು ಪ್ರಯೋಗವಿದೆ. ಶ್ವೇನ್ ಮತ್ತು ಸಂಗಡಿಗರು ಜನರನ್ನು ಟ್ರೆಡ್‌ಮಿಲ್ಲಿನಲ್ಲಿ ಮುಕ್ಕಾಲು ಗಂಟೆ ಓಡಿಸಿದರು, ಒಮ್ಮೆ ಸಮತಟ್ಟಿನಲ್ಲಿ, ಒಮ್ಮೆ ಇಳಿಜಾರಿನಲ್ಲಿ. ಸಮತಟ್ಟಿನ ಓಟದಲ್ಲಿ ರಕ್ತದ ಲ್ಯಾಕ್ಟೇಟ್ ಏರಿತು, ಮರುದಿನ ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟ್ ಏರಲೇ ಇಲ್ಲ, ನೋವು ಚೆನ್ನಾಗಿ ಬಂತು. ನಮ್ಮ ಬೆಟ್ಟದ ಲೆಕ್ಕವೇ.

ಹಾಗಾದರೆ ಇಳಿಯುವುದರಲ್ಲಿ ಏನಿದೆ?

ಭಾರ ಎತ್ತಿ ಇಳಿಸುವಾಗ ಸ್ನಾಯು ಬಲ ಹಾಕುವುದು ಎರಡು ಥರ. ಡಂಬೆಲ್ ಎತ್ತುವಾಗ ಬೈಸೆಪ್ಸ್ ಕುಗ್ಗುತ್ತಾ ಬಲ ಹಾಕುತ್ತದೆ. ಅದೇ ಡಂಬೆಲ್ಲನ್ನು ನಿಧಾನವಾಗಿ ಕೆಳಗಿಳಿಸುವಾಗಲೂ ಬಲ ಹಾಕುತ್ತದೆ, ಆದರೆ ಉದ್ದವಾಗುತ್ತಾ. ಬಲ ಹಾಕದಿದ್ದರೆ ಡಂಬೆಲ್ ಕಾಲ ಮೇಲೆ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ತೊಡೆಯ ಮುಂಭಾಗ ಮಾಡುವುದು ಇದೇ ಕೆಲಸ, ಪ್ರತಿ ಹೆಜ್ಜೆಗೂ ಮೈಭಾರಕ್ಕೆ ಬ್ರೇಕ್ ಹಾಕುವುದು. ಬಸ್ಕಿಯಲ್ಲಿ ಕೂರುವ ಅರ್ಧವೂ ಇದೇ.

ಬಾವಿ ಸೇದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತುಂಬಿದ ಕೊಡವನ್ನು ಮೇಲೆ ಎಳೆಯುವಾಗ ಒಂದು ಕೈ ಬಿಟ್ಟು ಇನ್ನೊಂದು ಕೈ ಹಿಡಿಯುತ್ತೇವೆ. ತೋಳು ಸೋಲುತ್ತದೆ, ಅಂಗೈಗೆ ಏನೂ ಆಗುವುದಿಲ್ಲ. ಅದೇ ತುಂಬಿದ ಕೊಡವನ್ನು ಮತ್ತೆ ಕೆಳಗೆ ಬಿಡಬೇಕಾಗಿ ಬಂದರೆ ಹಗ್ಗ ಅಂಗೈಯಲ್ಲಿ ಜಾರುತ್ತಾ ಹೋಗುತ್ತದೆ. ತೋಳಿಗೆ ಆಯಾಸವೇ ಇಲ್ಲ, ಅಂಗೈ ತರಚಿರುತ್ತದೆ. ಸ್ನಾಯುವಿನೊಳಗೂ ಇಂಥ ಕೈಗಳಿವೆ. ಮಯೋಸಿನ್ ಅನ್ನುವ ಪ್ರೋಟೀನಿನ ಸಣ್ಣ ಸಣ್ಣ ತಲೆಗಳು ಆಕ್ಟಿನ್ ಅನ್ನುವ ನೂಲನ್ನು ಹಿಡಿದು ಜಗ್ಗುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಹಿಡಿತ ಸಡಿಲಿಸಬೇಕಾದರೆ ಎಟಿಪಿ ಅನ್ನುವ ಇಂಧನ ಬೇಕು. ಇಳಿಸುವಾಗ ಮಾತ್ರ ಭಾರವೇ ಆ ಹಿಡಿತವನ್ನು ಕಿತ್ತು ಬಿಡಿಸುತ್ತದೆ. ಇಂಧನ ಉಳಿಯಿತು, ಬಲ ಜಾಸ್ತಿ ಸಿಕ್ಕಿತು, ಕಿತ್ತಾಟವೂ ಆಯಿತು.

ಹಗ್ಗಜಗ್ಗಾಟ ನೆನೆಸಿಕೊಂಡರೂ ಸರಿ. ಗೆಲ್ಲುವ ತಂಡ ಒಂದೊಂದೇ ಹೆಜ್ಜೆ ಹಿಂದಿಡುತ್ತದೆ. ಸೋಲುವ ತಂಡ ಹಿಮ್ಮಡಿ ಊರಿ ನಿಂತೇ ಎಳೆಸಿಕೊಳ್ಳುತ್ತಾ ಹೋಗುತ್ತದೆ, ಮಣ್ಣೆಲ್ಲ ಕಿತ್ತುಬರುತ್ತದೆ. ಅದರ ಮೇಲೆ, ಅದೇ ಭಾರ ಇಳಿಸಲು ಮಿದುಳು ಸ್ನಾಯುವಿನ ಕಡಿಮೆ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಹತ್ತು ಜನ ಹೊರಬೇಕಾದ ತೊಲೆ ಐದು ಜನರ ಹೆಗಲ ಮೇಲೆ.

ಈ ಇಂಧನ ಉಳಿತಾಯವನ್ನು 1952ರಲ್ಲಿ ಇಂಗ್ಲೆಂಡಿನ ಮೂವರು ಸೊಗಸಾಗಿ ತೋರಿಸಿದರು. ಅಬಟ್, ಬಿಗ್ಲಂಡ್, ರಿಚಿ ಅಂತ. ಎರಡು ಸೈಕಲ್ಲುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಅದನ್ನು ತಡೆಯಬೇಕು. ಚೈನಿನ ಮೇಲೆ ಇಬ್ಬರದೂ ಒಂದೇ ಬಲ, ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತೀರಾ ಕಡಿಮೆ. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಪ್ರದರ್ಶನ ನಡೆದಾಗ ಸಣ್ಣ ಮೈಕಟ್ಟಿನ ಬ್ರೆಂಡಾ ಬಿಗ್ಲಂಡ್ ತಡೆಯಲು ಕೂತರಂತೆ, ದೊಡ್ಡ ಆಳು ತುಳಿದೂ ತುಳಿದೂ ಸುಸ್ತಾದನಂತೆ. ಎಂಥ ಮಜಾ!

ಇನ್ನು ಈ ಕಿತ್ತಾಟದಲ್ಲಿ ಸ್ನಾಯುವಿನೊಳಗೆ ಹರಿದುಹೋಗುವುದು ಏನು ಅನ್ನುವ ಪ್ರಶ್ನೆ. ಸ್ನಾಯುವಿನ ಒಂದು ಎಳೆಯ ಉದ್ದಕ್ಕೂ ಸಾರ್ಕೊಮಿಯರ್ ಅನ್ನುವ ಕೊಂಡಿಗಳು ಸಾಲಾಗಿವೆ. ಒಂದೊಂದೂ ಮಿಲಿಮೀಟರಿನ ನಾನೂರರಲ್ಲೊಂದು ಭಾಗದಷ್ಟು. ಹತ್ತು ಸೆಂಟಿಮೀಟರ್ ಎಳೆಯಲ್ಲಿ ಸುಮಾರು 40,000 ಕೊಂಡಿ. ಎಲ್ಲವೂ ಒಂದೇ ಗಟ್ಟಿ ಅಲ್ಲ. ಹಳೇ ಚಡ್ಡಿಯ ಎಲಾಸ್ಟಿಕ್ ಎಳೆದು ನೋಡಿ, ಇಡೀ ಪಟ್ಟಿ ಸಮನಾಗಿ ಹಿಗ್ಗುವುದಿಲ್ಲ, ಜೀವ ಹೋದ ಜಾಗವೇ ಮತ್ತಷ್ಟು ಹಿಗ್ಗುತ್ತದೆ. ಆಸ್ಟ್ರೇಲಿಯಾದ ಡೇವಿಡ್ ಮಾರ್ಗನ್ 1990ರಲ್ಲಿ ಇಂಥದ್ದೇ ವಿವರಣೆ ಕೊಟ್ಟರು: ಸ್ನಾಯು ಉದ್ದವಾಗುತ್ತಾ ಬಲ ಹಾಕುವಾಗ ದುರ್ಬಲ ಕೊಂಡಿಗಳು ಅಳತೆ ಮೀರಿ ಹಿಗ್ಗಿ ತಪ್ಪಿಹೋಗುತ್ತವೆ. ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಸ್ವೀಡನ್ನಿನ ಫ್ರೀಡೆನ್ ಮತ್ತು ಜೊತೆಗಾರರು ಜನರಿಂದ ಮೆಟ್ಟಿಲು ಇಳಿಸಿ (ಹೌದು, ಮೆಟ್ಟಿಲೇ), ಮೀನಖಂಡದಿಂದ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಕೊಂಡಿಗಳ ನಡುವಿನ ನೇರ ಗೆರೆಗಳು ಕದಡಿಹೋಗಿದ್ದವು. ಇವರೆಲ್ಲರಿಗಿಂತ ಮುಂಚೆ, 1902ರಲ್ಲಿ, ಅಮೆರಿಕದ ಥಿಯೋಡರ್ ಹಾಫ್ ಬರೀ ಬೆರಳಿನ ವ್ಯಾಯಾಮ ಮಾಡಿಸಿ ಹೇಳಿಬಿಟ್ಟಿದ್ದ, ಈ ತಡವಾದ ನೋವು ದಣಿವಿನದ್ದಲ್ಲ, ಸ್ನಾಯುವಿನ ಒಳಗಿನ ಸಣ್ಣ ಹರಿತದ್ದು ಅಂತ. ಕಪ್ಪೆಗಿಂತ ಐದು ವರ್ಷ ಮೊದಲು! ಆದರೂ ಗೆದ್ದಿದ್ದು ಕಪ್ಪೆ.

ತಡವಾಗಿ ನೋಯುವುದು ಯಾಕೆ? ಎಳೆಯ ಒಳಗೆ ನೋವಿನ ನರ ಇಲ್ಲ. ಹರಿದಾಗ ಗೊತ್ತಾಗುವುದೇ ಇಲ್ಲ. ಆಮೇಲೆ ದೇಹದ ರಿಪೇರಿ ಪಡೆ ಬರುತ್ತದೆ, ಊತ ಬರುತ್ತದೆ, ಸುತ್ತಲಿನ ಪೊರೆಯಲ್ಲಿರುವ ನರದ ತುದಿಗಳನ್ನು ಚುರುಕು ಮಾಡುವ ರಾಸಾಯನಿಕಗಳು ಹುಟ್ಟುತ್ತವೆ. ಇದಕ್ಕೆಲ್ಲ ಸಮಯ ಬೇಕು. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ನೋವು ತುದಿ ಮುಟ್ಟಿ, ವಾರದೊಳಗೆ ತಾನಾಗಿ ಹೋಗುತ್ತದೆ.

ಈ "ತಾನಾಗಿ" ಅನ್ನುವುದೇ ಎಲ್ಲ ಮದ್ದುಗಳ ಬಂಡವಾಳ. ನನ್ನ ಅಕ್ಕ ಮಗನಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು, ಮೈಕಟ್ಟಿಗೆ ಯಾರದೋ ಕಣ್ಣು ಬಿದ್ದಿದೆ ಅಂತ. (ಒಂದು ವಾರದ ಮೈಕಟ್ಟು!) ಮೂರನೇ ದಿನ ನಿವಾಳಿಸಿದಳು, ನಾಲ್ಕನೇ ದಿನ ನೋವು ಇಳಿಯಿತು. ನಿಂಬೆಹಣ್ಣು ಹಿಂಡಿದವರದೂ ಇದೇ ಕಥೆ. ಬಿಸಿನೀರು, ಮಾಲೀಶು, ಸ್ವಲ್ಪ ಓಡಾಟ ಇವೆಲ್ಲ ಒಂದಿಷ್ಟು ಹಿತ ಕೊಡುತ್ತವೆ, ಧಾರಾಳವಾಗಿ ಮಾಡಿ. ಸ್ಟ್ರೆಚಿಂಗ್ ಮಾಡಿದರೆ ಈ ನೋವು ಬರುವುದಿಲ್ಲ ಅನ್ನುವುದು ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸಿಕ್ಕ ಲಾಭ ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ಈಗ ಮೂರನೇ ಸುಳ್ಳು, ನೋವಿದ್ದರೆ ಬೆಳವಣಿಗೆ. ನೋವು ಎಷ್ಟು ಅನ್ನುವುದು ಹಾನಿ ಎಷ್ಟು ಅನ್ನುವುದನ್ನೇ ಸರಿಯಾಗಿ ಹೇಳುವುದಿಲ್ಲ ಅಂತ ನೊಸಾಕಾ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದ್ದಾರೆ. 2011ರ ಇನ್ನೊಂದು ಅಧ್ಯಯನದಲ್ಲಿ ಒಂದು ಗುಂಪನ್ನು ನಿಧಾನವಾಗಿ ರೂಢಿ ಮಾಡಿಸಿ, ಇನ್ನೊಂದನ್ನು ನೇರವಾಗಿ ಕಠಿಣ ವ್ಯಾಯಾಮಕ್ಕೆ ಇಳಿಸಿದರು. ಎರಡನೆಯವರು ನೋವು ತಿಂದರು. ಕೊನೆಗೆ ತೊಡೆ ಬೆಳೆದದ್ದು ಇಬ್ಬರದೂ ಹೆಚ್ಚುಕಡಿಮೆ ಒಂದೇ. ಗೋಡೆ ಕಟ್ಟುವ ಗಾರೆಯವರು ಬೆಳಗ್ಗೆಲ್ಲ ನಿನ್ನೆ ಬಿದ್ದ ಇಟ್ಟಿಗೆ ಜೋಡಿಸುತ್ತಾ ಕೂತರೆ ಮನೆ ಬೇಗ ಏಳುತ್ತದೆಯೇ?

ಹೊಸಬರಿಗೆ ಇನ್ನೂ ಒಂದು ವಿಷಯ ಗೊತ್ತಿರಬೇಕು. ಮೊದಲ ಕೆಲವು ವಾರ ನೀವು ಜಾಸ್ತಿ ಭಾರ ಎತ್ತುವುದು ಸ್ನಾಯು ದಪ್ಪವಾಗಿದ್ದಕ್ಕಿಂತ ಹೆಚ್ಚಾಗಿ ನರಗಳು ಪಾಠ ಕಲಿತದ್ದರಿಂದ. ಸೈಕಲ್ ಕಲಿತ ಹಾಗೆ. ಕಲಿಯುವವನನ್ನು ನೋಯಿಸಿದರೆ ಏನು ಬಂತು?

ಒಳ್ಳೆಯ ಸುದ್ದಿ ಏನೆಂದರೆ ಸ್ನಾಯು ಒಂದು ಸಲದ ಪೆಟ್ಟಿನಿಂದಲೇ ಬುದ್ಧಿ ಕಲಿಯುತ್ತದೆ. ಅದೇ ವ್ಯಾಯಾಮವನ್ನು ಒಂದೆರಡು ವಾರ ಬಿಟ್ಟು ಮಾಡಿದರೆ ನೋವು ತುಂಬಾ ಕಡಿಮೆ. ಈ ರಕ್ಷಣೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ತೋಳಿಗೆ ಮಾಡಿಸಿದರೆ ಇನ್ನೊಂದು ತೋಳಿಗೂ ಸ್ವಲ್ಪ ಸಿಗುತ್ತದೆ! ಮುಖ್ಯವಾದದ್ದು ಇದು: ಈ ರಕ್ಷಣೆ ಪಡೆಯಲು ಮೊದಲ ದಿನ ಸಾಯಬೇಕಿಲ್ಲ, ತೀರಾ ಹಗುರ ಭಾರ ಇಳಿಸಿದರೂ ಒಂದಿಷ್ಟು ಸಿಗುತ್ತದೆ. ಲಸಿಕೆ ಇದ್ದ ಹಾಗೆ, ಸಣ್ಣ ಡೋಸ್ ಸಾಕು.

ಹಾಗಾಗಿ ಮೊದಲ ವಾರ ಬರೀ ರಾಡು. ಅದೇ ಸಾಮಾನ್ಯವಾಗಿ 20 ಕೆಜಿ ಇರುತ್ತದೆ, ಕಷ್ಟವಾದರೆ ಅದೂ ಬೇಡ, ಡಂಬೆಲ್ ಸಾಕು. ಒಂದು ವ್ಯಾಯಾಮಕ್ಕೆ ಒಂದೋ ಎರಡೋ ಸೆಟ್. ಒಂದು ಸೆಟ್ಟಿಗೆ ಎಂಟರಿಂದ ಹನ್ನೆರಡು ಸಲ ಎತ್ತಿ, "ಇನ್ನೂ ಎರಡು ಮೂರು ಎತ್ತಬಹುದಿತ್ತು" ಅನ್ನಿಸುವಾಗ ಕೆಳಗಿಡಿ. ವಾರಕ್ಕೆ ಎರಡು ಮೂರು ದಿನ. ಹನ್ನೆರಡು ಸಲೀಸಾದರೆ ಸ್ವಲ್ಪ ಭಾರ ಸೇರಿಸಿ, ಎರಡೂ ಕಡೆ ಒಂದೂಕಾಲು ಕೆಜಿ ಪ್ಲೇಟು ಹಾಕಿದರೆ ಆಯಿತು. ಮೆಲ್ಲಗೆ ಏರಿಸುವ ಈ ಪದ್ಧತಿಗೆ ವೈದ್ಯಶಾಸ್ತ್ರದಲ್ಲಿ ಜಾಗ ಕೊಡಿಸಿದವರು ಥಾಮಸ್ ಡಿಲಾರ್ಮ್, 1940ರ ದಶಕದಲ್ಲಿ ಗಾಯಗೊಂಡ ಅಮೆರಿಕನ್ ಸೈನಿಕರಿಗೆ ಭಾರ ಎತ್ತಿಸಿದ ಸೇನಾ ವೈದ್ಯ. ನಮ್ಮಜ್ಜ ಗರಡಿಗೆ ಹೋಗುತ್ತಿದ್ದವರು. ವಸ್ತಾದರು ಮೊದಲ ದಿನ ಹತ್ತೇ ಬಸ್ಕಿ ಹೊಡೆಸಿ ಮನೆಗೆ ಕಳಿಸಿದ್ದರಂತೆ, ಅಜ್ಜನಿಗೆ ಅವಮಾನವಾಗಿತ್ತಂತೆ. ನನಗೆ ಮಾತ್ರ, ಹದಿನೈದು ವರ್ಷದ ಹಿಂದೆ, ಒಂದು ಜಿಮ್ಮಿನಲ್ಲಿ ಮೊದಲ ದಿನವೇ ನೂರು ಸ್ಕ್ವಾಟ್ ಹೊಡೆಸಿದ್ದರು. ಮರಳಿ ಹೋಗಲಿಲ್ಲ.

ನೋವಿದ್ದಾಗ ಜಿಮ್ಮಿಗೆ ಹೋಗಬಹುದಾ? ಸಣ್ಣ ನೋವಾದರೆ ಹೋಗಿ, ಹಗುರ ಮಾಡಿ, ಅಥವಾ ಬೇರೆ ಭಾಗ ಮಾಡಿ. ಕೂತೆದ್ದರೆ ಅಯ್ಯೋ ಅನ್ನುವಷ್ಟಿದ್ದರೆ ಬಿಡಿ. ಕೀಲಿನಲ್ಲಿ ಚುಚ್ಚುವ ನೋವು, ಎತ್ತುವಾಗಲೇ ಚಟ್ ಅಂದ ನೋವು ಬೇರೆ, ಅದನ್ನು ಡಾಕ್ಟರಿಗೆ ತೋರಿಸಿ. ಮತ್ತೆ ಒಂದು ವಿಷಯದಲ್ಲಿ ತಮಾಷೆ ಬೇಡ. ಸ್ನಾಯು ವಿಪರೀತ ಊದಿ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಒಡೆದ ಸ್ನಾಯುವಿನ ಮಯೋಗ್ಲೋಬಿನ್ ಅನ್ನುವ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡಿಸುತ್ತದೆ. 1941ರಲ್ಲಿ ಲಂಡನ್ ಬಾಂಬ್ ದಾಳಿಯಲ್ಲಿ ಕಟ್ಟಡದಡಿ ಸಿಕ್ಕಿಕೊಂಡವರಲ್ಲಿ ಬೈವಾಟರ್ಸ್ ಮತ್ತು ಬೀಲ್ ವಿವರಿಸಿದ ತೊಂದರೆ ಇದು. ಅಭ್ಯಾಸವಿಲ್ಲದವರಿಗೆ ಒಮ್ಮೆಲೇ ನೂರಾರು ಬಸ್ಕಿ ಹೊಡೆಸಿದರೂ ಬರುತ್ತದೆ. ಬಸ್ಕಿಯನ್ನು ಶಿಕ್ಷೆ ಮಾಡಿಕೊಂಡಿರುವ ಮೇಷ್ಟ್ರುಗಳೂ, ಹಾಸ್ಟೆಲ್ ಸೀನಿಯರುಗಳೂ ಇದನ್ನು ಎರಡು ಸಲ ಓದಿಕೊಳ್ಳಲಿ.

ಮೊನ್ನೆ ಅಕ್ಕನ ಮಗ ಮತ್ತೆ ಫೋನ್ ಮಾಡಿದ್ದ. ದನಿಯಲ್ಲಿ ಬೇಜಾರು. "ಮಾವ, ನಿನ್ನೆ ಅಲ್ಲ ಮೊನ್ನೆ ಸ್ಕ್ವಾಟ್ ಮಾಡಿದ್ದು, ಒಂಚೂರೂ ನೋವಿಲ್ಲ. ವರ್ಕೌಟ್ ವೇಸ್ಟ್ ಆಯ್ತಾ?"

"ರಾಡಿಗೆ ಎಷ್ಟು ಹಾಕಿದ್ದೆ?"

"ಹೋದ ಸಲಕ್ಕಿಂತ ಎರಡೂವರೆ ಕೆಜಿ ಜಾಸ್ತಿ."

ಭಾನುವಾರ ಎಲ್ಲರೂ ಬೆಟ್ಟಕ್ಕೆ ಹೋಗುತ್ತಿದ್ದೇವೆ. ಅವನಿಗೆ ನಡೆದೇ ಇಳಿ ಅಂದಿದ್ದೇನೆ. ನಾನು ಬಸ್ಸಿನಲ್ಲಿ ಬರುತ್ತೇನೆ.