ಜ್ವರ ಬಿಟ್ಟ ಮೇಲೆ ಮಗುವಿನ ಬಾಯಿ ಸೊಟ್ಟಗಾಯಿತು, ಏಕೆ?

ಪ್ರಶ್ನೆ: ನಮ್ಮದು ಸಿರುಗುಪ್ಪದ ಬಳಿಯ ಹಳ್ಳಿ. ಎಂಟು ತಿಂಗಳ ಮಗನಿಗೆ ಕಾವಾಸಾಕಿ ಕಾಯಿಲೆ ಎಂದು ಬಳ್ಳಾರಿಯಲ್ಲಿ ಚಿಕಿತ್ಸೆ ಕೊಡಿಸಿದೆವು. ಜ್ವರ ಬಿಟ್ಟು ವಾರವಾಯಿತು. ಈಗ ಅಳುವಾಗ ಬಾಯಿ ಬಲಕ್ಕೆ ಎಳೆಯುತ್ತದೆ, ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಲಕ್ವ ಹೊಡೆದಿದೆ, ಬರೆ ಹಾಕಿಸೋಣ ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಬರೆಯ ಮಾತು ಬಿಡಿ, ತಾಯಿ. ಅದರಿಂದ ಎಳೆಯ ಚರ್ಮ ಸುಡುತ್ತದೆ, ನರ ಸರಿಹೋಗುವುದಿಲ್ಲ. ಇವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ.

ಮಗು ಅಳುವಾಗ ಹಣೆ ನೋಡಿ. ಎಡಗಡೆ ಹಣೆಯಲ್ಲೂ ಸುಕ್ಕು ಮೂಡದಿದ್ದರೆ ತೊಂದರೆ ಬಹುಪಾಲು ಮುಖದ ನರದ್ದು. ಹಣೆ ಎರಡೂ ಕಡೆ ಸುಕ್ಕುಗಟ್ಟಿ ಬಾಯಿ ಮಾತ್ರ ವಾಲಿದ್ದರೆ, ಕೈಕಾಲು ಸೋತಿದ್ದರೆ, ಫಿಟ್ಸ್ ಬಂದರೆ ಮೆದುಳಿನ ರಕ್ತನಾಳವನ್ನೇ ಅನುಮಾನಿಸಬೇಕು. ಅದು ಬಹಳ ಅಪರೂಪ, ಆದರೆ ಆಗ ಒಂದು ಗಳಿಗೆಯೂ ಕಾಯಬೇಡಿ.

ಜಪಾನಿನ ವೈದ್ಯ ತೊಮಿಸಾಕು ಕಾವಾಸಾಕಿ 1967ರಲ್ಲಿ 50 ಮಕ್ಕಳ ವಿವರದೊಂದಿಗೆ ಪ್ರಕಟಿಸಿದ ಕಾಯಿಲೆ ಇದು. ರಕ್ತನಾಳಗಳ ಗೋಡೆ ಊದಿಕೊಳ್ಳುತ್ತದೆ. ಐದು ದಿನ ದಾಟಿದ ಜ್ವರ, ಕೀವಿಲ್ಲದ ಕೆಂಗಣ್ಣು, ಒಡೆದ ತುಟಿ. ನಮ್ಮ ಬಿಸಿಲಿನಲ್ಲಿ ಒಡೆದ ತುಟಿಯನ್ನು ಯಾರು ತಾನೇ ಲೆಕ್ಕಕ್ಕೆ ಇಡುತ್ತಾರೆ! ಜ್ವರದ ದಿನಗಳಲ್ಲಿ ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು ಎಂಬಂತಿತ್ತೇ? ಅದು ಬರೀ ಹಟವಲ್ಲ. ಅನೇಕ ಮಕ್ಕಳಲ್ಲಿ ಮೆದುಳಿನ ಪೊರೆಯೂ ಸೋಂಕಿಲ್ಲದೆಯೇ ಊದಿಕೊಂಡಿರುತ್ತದೆ. ಕೆಲವರಿಗೆ ಕಿವಿಯೂ ಮಂದವಾಗುವುದುಂಟು. ಹೆಸರು ಹಿಡಿದು ಕರೆದರೆ ತಿರುಗುತ್ತಾನೆಯೇ ಗಮನಿಸಿ.

ಈ ಕಾಯಿಲೆಯಲ್ಲಿ ಮುಖದ ನರ ಸೋಲುವುದು ಹೆಚ್ಚಾಗಿ ಒಂದು ವರ್ಷದೊಳಗಿನ ಕೂಸುಗಳಲ್ಲಿ, ಅದೂ ಎಡಗಡೆಗೆ. ಕೆಲವು ದಿನಗಳಿಂದ ಮೂರು ತಿಂಗಳೊಳಗೆ ತಾನಾಗಿಯೇ ಸರಿಹೋಗುತ್ತದೆ. ನನ್ನ ಆತಂಕ ಬಾಯಿಯದಲ್ಲ, ಎದೆಯದು. ಹೀಗೆ ಮುಖ ವಾಲಿದ ಮಕ್ಕಳಲ್ಲಿ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಬಲೂನಿನಂತೆ ಉಬ್ಬಿರುವುದು ಹೆಚ್ಚಾಗಿ ಕಂಡಿದೆ. ಮೊದಲ ಎಕೋ (ಹೃದಯದ ಸ್ಕ್ಯಾನ್) ಚೆನ್ನಾಗಿತ್ತೆಂದು ಸುಮ್ಮನಾಗದೆ ಇನ್ನೊಮ್ಮೆ ಮಾಡಿಸಿ. ಆಸ್ಪಿರಿನ್ ಬರೆದುಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಆ ಮದ್ದು ನಡೆಯುತ್ತಿರುವಾಗ ಮನೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಅಥವಾ ಫ್ಲೂ ಬಂದರೆ ಕೂಡಲೇ ವೈದ್ಯರಿಗೆ ತಿಳಿಸಿ. ಮುಚ್ಚದ ಕಣ್ಣಿಗೆ ಊರಿನ ದೂಳು ಬೀಳದಿರಲಿ, ಹಾಕಬೇಕಾದ ಹನಿಮದ್ದನ್ನು ಕೇಳಿ ಪಡೆಯಿರಿ.

ಇನ್ನೊಂದು ಮಾತು. ಒಂಬತ್ತು ತಿಂಗಳು ತುಂಬುತ್ತಲೇ ಆಶಾ ಕಾರ್ಯಕರ್ತೆ ದಡಾರ ಲಸಿಕೆಗೆ ಕರೆಯುತ್ತಾರೆ. ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಮದ್ದು) ಹನಿಸಿದ್ದರೆ ಆ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಡಿಸ್ಚಾರ್ಜ್ ಚೀಟಿಯನ್ನು ಅವರಿಗೆ ತೋರಿಸಿ.