‘ಲ್ಯಾಪ್‌ಟಾಪ್ ತಾನೇ ರೀಸ್ಟಾರ್ಟ್ ಆಗ್ತಿದೆ, ಫಾರ್ಮ್ಯಾಟ್ ಹೊಡೆಸಲಾ?’

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ. ಕೆಲಸ ಮಾಡ್ತಾ ಇದ್ದ ಹಾಗೇ ಪಟ್ ಅಂತ ಹೋಗಿ ಮತ್ತೆ ತಾನೇ ಆನ್ ಆಗುತ್ತೆ. ದಿನಕ್ಕೆ ಮೂರ್ನಾಲ್ಕು ಸಲ. ವೈರಸ್ ಹೊಕ್ಕಿರಬೇಕು, ಫಾರ್ಮ್ಯಾಟ್ ಹೊಡೆಸಿ ಅಂತಾರೆ ಎಲ್ಲರೂ. ಹೊಡೆಸಲಾ?

ಉತ್ತರ: ಬೇಡ. ಈಗಲೇ ಬೇಡ.

ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕೈದು ಸಲವಾದರೂ ಬರುತ್ತದೆ. ಕೇಳುವವರ ಊರು ಬೇರೆ, ಲ್ಯಾಪ್‌ಟಾಪ್ ಕಂಪನಿ ಬೇರೆ, ಕೊನೆಯ ಸಾಲು ಮಾತ್ರ ಇದೇ. ಯಾವಾಗ ಹೋಗುತ್ತೆ, ಹೋಗುವ ಮುಂಚೆ ಏನಾಗುತ್ತೆ ಅಂತ ಯಾರೂ ಬರೆಯುವುದಿಲ್ಲ. ನನಗೆ ಬೇಕಾಗಿರುವುದು ಅದೊಂದೇ. ಇರಲಿ, ಮೊದಲು ಈ ವೈರಸ್ ಕಥೆ ಮುಗಿಸೋಣ.

ಈ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೂ ಒಂದು ಜಾತಕ ಇದೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅನ್ನೋ ವರ್ಮ್ (ಇಂಟರ್ನೆಟ್ ಮೂಲಕ ತಾನೇ ಹರಡುವ ವೈರಸ್) ಬಂತು. ಸೈಬರ್ ಕೆಫೆ ಕಾಲದವರಿಗೆ ನೆನಪಿರಬಹುದು. ಸ್ಕ್ರೀನ್ ನಡುವೆ ಒಂದು ಪುಟ್ಟ ಬಾಕ್ಸ್, ಅದರಲ್ಲಿ 60 ಸೆಕೆಂಡಿನಿಂದ ಹಿಂದಕ್ಕೆ ಎಣಿಕೆ, ಸೊನ್ನೆಗೆ ಬಂದರೆ ಕಂಪ್ಯೂಟರ್ ರೀಸ್ಟಾರ್ಟ್. ಮರುವರ್ಷ ಸಾಸರ್ ಅನ್ನೋ ಇನ್ನೊಂದು ವರ್ಮ್ ಬಂದು ಅದೇ ಆಟ ಆಡಿತು. ಆಗ ಅಂಗಡಿಯವರು ಸಿಡಿ ಹಾಕಿ ಫಾರ್ಮ್ಯಾಟ್ ಹೊಡೆದರು, ಅಂದರೆ ಎಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರು. ತಮಾಷೆ ಏನಂದ್ರೆ, ಆಗಲೂ ಅದರಿಂದ ರೋಗ ಹೋಗುತ್ತಿರಲಿಲ್ಲ. ಹೊಸದಾಗಿ ಹಾಕಿದ ವಿಂಡೋಸ್ ಎಕ್ಸ್‌ಪಿಯಲ್ಲೂ ವರ್ಮ್ ನುಗ್ಗುವ ಅದೇ ತೂತು ಇರುತ್ತಿತ್ತು. ಇಂಟರ್ನೆಟ್ ವೈರ್ ಚುಚ್ಚಿ, ಪ್ಯಾಚ್ (ತೂತು ಮುಚ್ಚುವ ಅಪ್‌ಡೇಟ್) ಇಳಿಸಿಕೊಳ್ಳುವ ಮೊದಲೇ ವರ್ಮ್ ಮತ್ತೆ ಒಳಗೆ! ಬೇಕಾಗಿದ್ದದ್ದು ಪ್ಯಾಚ್ ಮತ್ತು ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲ್. 2004ರ ಆಗಸ್ಟ್‌ನಲ್ಲಿ ಬಂದ ಎಕ್ಸ್‌ಪಿಯ ದೊಡ್ಡ ಅಪ್‌ಡೇಟ್, ಸರ್ವಿಸ್ ಪ್ಯಾಕ್ 2, ಫೈರ್‌ವಾಲನ್ನು ತಾನಾಗಿಯೇ ಆನ್ ಮಾಡಿತು. ಎರಡು ದಶಕ ಆಯ್ತು. ವರ್ಮ್ ಹೋಯಿತು, ಫಾರ್ಮ್ಯಾಟ್ ಉಳಿಯಿತು.

ಈಗಿನ ವೈರಸ್‌ಗಳ ಕಸುಬೇ ಬೇರೆ. ಪಾಸ್‌ವರ್ಡ್ ಕದಿಯಬೇಕು, ಫೈಲಿಗೆ ಬೀಗ ಹಾಕಿ ದುಡ್ಡು ಕೇಳಬೇಕು. ಅದಕ್ಕೆಲ್ಲ ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿರಬೇಕು, ನಿಮಗೆ ಅನುಮಾನ ಬರಬಾರದು. ಗಂಟೆಗೊಮ್ಮೆ ರೀಸ್ಟಾರ್ಟ್ ಮಾಡಿಸಿ ಅದಕ್ಕೇನು ಲಾಭ? ಕದ್ದುಮುಚ್ಚಿ ಕ್ರಿಪ್ಟೊ ನಾಣ್ಯ ಗಣಿ ಮಾಡುವ ಒಂದು ಜಾತಿ ಇದೆ, ಅದು ಪ್ರೊಸೆಸರನ್ನು ಬಿಸಿ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಅದು ಅಪರೂಪ.

ಇನ್ನೊಂದು ಉದಾಹರಣೆ ಇದಕ್ಕಿಂತ ರುಚಿಯಾಗಿದೆ. 2024ರ ಜುಲೈ 19. ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಸ್ಕ್ರೀನ್ ತೋರಿಸಿ ರೀಸ್ಟಾರ್ಟ್, ಮತ್ತೆ ನೀಲಿ, ಮತ್ತೆ ರೀಸ್ಟಾರ್ಟ್. ಮೈಕ್ರೋಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಯಂತ್ರಗಳು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟ ದಿನ ಅದು. ವೈರಸ್ಸಾ? ಅಲ್ಲ. ವೈರಸ್ ತಡೆಯಬೇಕಾದ ಕ್ರೌಡ್‌ಸ್ಟ್ರೈಕ್ ಸಾಫ್ಟ್‌ವೇರ್‌ನ ಒಂದು ಕೆಟ್ಟ ಅಪ್‌ಡೇಟ್. ಫಾರ್ಮ್ಯಾಟ್ ಹೊಡೆದು ಸರಿ ಮಾಡಿದರಾ? ಅದೂ ಅಲ್ಲ. ಸೇಫ್ ಮೋಡ್‌ಗೆ (ತೀರಾ ಅಗತ್ಯದ್ದನ್ನಷ್ಟೇ ಓಡಿಸುವ ವಿಂಡೋಸ್) ಹೋಗಿ ಆ ಒಂದು ಫೈಲ್ ಅಳಿಸಿದರೆ ಸಾಕಾಗಿತ್ತು.

‘ಆದರೆ ಸಾರ್, ಫಾರ್ಮ್ಯಾಟ್ ಆದ ಮೇಲೆ ಸರಿ ಹೋಯ್ತಲ್ಲ!’ ಈ ಮಾತು ಬಂದೇ ಬರುತ್ತದೆ. ಹೋದ ವರ್ಷ ಒಬ್ಬರು ಮಗಳ ಲ್ಯಾಪ್‌ಟಾಪ್ ತಂದಿದ್ದರು. ಎಂಟು ತಿಂಗಳಲ್ಲಿ ಒಂದೇ ಅಂಗಡಿಯಲ್ಲಿ ಮೂರು ಫಾರ್ಮ್ಯಾಟ್. ಪ್ರತಿ ಸಲವೂ ಎರಡು ವಾರ ಸರಿ, ಆಮೇಲೆ ಅದೇ ರಾಗ. ತಳ ಬಿಚ್ಚಿದೆ. ಫ್ಯಾನಿಗೂ ಅದರ ಮುಂದಿನ ಸಣ್ಣ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕೂತು, ಗಟ್ಟಿಯಾಗಿ, ಹಳೇ ಕಂಬಳಿಯ ತುಂಡಿನ ಹಾಗೆ ಆಗಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿ ಒಟ್ಟಿಗೇ ಬಂತು. ಅದರಲ್ಲಿ ಎರಡು ಉದ್ದ ಕೂದಲು, ಹಾಸಿಗೆಯ ಹತ್ತಿ. ಹುಡುಗಿ ಹಾಸಿಗೆ ಮೇಲೆ ಇಟ್ಟುಕೊಂಡೇ ಓದುತ್ತಿದ್ದಳಂತೆ. ಪ್ರೊಸೆಸರ್ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ. ಈ ಕಂಬಳಿಯನ್ನು ಯಾವ ಫಾರ್ಮ್ಯಾಟ್ ತೆಗೆಯುತ್ತೆ ಹೇಳಿ?

ಎರಡು ವಾರ ಸರಿ ಇದ್ದದ್ದೇಕೆ? ಹೊಸ ವಿಂಡೋಸ್‌ನಲ್ಲಿ ಮೊದಲಿಗೆ ಕೆಲಸ ಕಮ್ಮಿ, ಬಿಸಿಯೂ ಕಮ್ಮಿ. ಒಂದೊಂದು ಸಲ ಹಾಳಾದ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್) ನಿಜವಾಗಿಯೂ ಅಳಿಸಿಹೋಗಿರುತ್ತದೆ, ಆಮೇಲೆ ವಿಂಡೋಸ್ ಅಪ್‌ಡೇಟ್ ಅದನ್ನೇ ಮರಳಿ ತಂದು ಕೂರಿಸುತ್ತದೆ. ಇನ್ನೂ ಒಂದು ಅಪಾಯ ಇದೆ. ಸಮಸ್ಯೆ ಇರುವುದು ಹಾರ್ಡ್ ಡಿಸ್ಕ್‌ನಲ್ಲೇ ಆಗಿದ್ದರೆ, ಸಾಯುತ್ತಿರುವ ಡಿಸ್ಕ್ ಮೇಲೆ ಮತ್ತೆ ಬರೆಸಿ ಉಳಿದ ಫೋಟೊಗಳನ್ನೂ ಕಳೆದುಕೊಳ್ಳುತ್ತೀರಿ. ಹಾಗಾಗಿ ಬೇರೇನು ಮಾಡುವ ಮೊದಲೂ ಬೇಕಾದ್ದನ್ನೆಲ್ಲ ಹೊರಗಿನ ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ.

ವಾದ ಮಾಡುವವರಿಗೆ ನನ್ನ ಹತ್ತಿರ ಒಂದು ಪರೀಕ್ಷೆ ಇದೆ. ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2 ಒತ್ತಿ (ಕೆಲವು ಕಂಪನಿಗಳಲ್ಲಿ ಎಫ್10) ಬಯಾಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ಸ್ ಪುಟಕ್ಕೆ, ಹೋಗಿ. ಏನೂ ಬದಲಿಸಬೇಡಿ, ಹಾಗೇ ಅರ್ಧ ಗಂಟೆ ಬಿಡಿ. ಅಲ್ಲಿ ವಿಂಡೋಸೇ ಓಡುತ್ತಿರುವುದಿಲ್ಲ. ಅಲ್ಲೂ ಹೋಯಿತಾ? ಹಾಗಾದರೆ ತೊಂದರೆ ಹಾರ್ಡ್‌ವೇರ್‌ನದು. ಅಲ್ಲಿ ಹೋಗದಿದ್ದರೆ ಹಾರ್ಡ್‌ವೇರ್ ಸರಿ ಇದೆ ಅಂತ ಮಾತ್ರ ತಿಳಿಯಬೇಡಿ, ಯಾಕಂದ್ರೆ ಅಲ್ಲಿ ಭಾರದ ಕೆಲಸ ಇರಲ್ಲ.

ಈಗ ನಿಮ್ಮ ವಿಷಯಕ್ಕೆ. ವಿಂಡೋಸ್ ಕ್ರ್ಯಾಶ್ ಆದರೆ ತಾನೇ ರೀಸ್ಟಾರ್ಟ್ ಆಗುವ ಹಾಗೆ ಕಂಪನಿಯಿಂದಲೇ ಸೆಟ್ ಆಗಿ ಬರುತ್ತದೆ. ಅದರಿಂದ ಎರರ್ ಓದುವಷ್ಟರಲ್ಲಿ ಮಾಯ. ಮೊದಲು ಅದನ್ನು ನಿಲ್ಲಿಸಿ. ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು, ಸ್ಟಾರ್ಟಪ್ ಅಂಡ್ ರಿಕವರಿ ಒಳಗೆ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಮುಂದಿನ ಸಲ ಸ್ಕ್ರೀನ್ ಅಲ್ಲೇ ನಿಂತರೆ ಫೋನಿನಲ್ಲಿ ಫೋಟೊ ತೆಗೆಯಿರಿ. ನೀಲಿ ಇರಬಹುದು, ವಿಂಡೋಸ್ 11ರಲ್ಲಿ 2025ರಿಂದ ಅದು ಕಪ್ಪು. ಬಣ್ಣ ಬಿಡಿ, ಎರರ್ ಹೆಸರು ನೋಡಿ. ಮೆಮೊರಿ ಮ್ಯಾನೇಜ್‌ಮೆಂಟ್ ಅಂತಿದ್ದರೆ ರ‍್ಯಾಮ್ ಮೇಲೆ ಅನುಮಾನ, ಸ್ಟಾರ್ಟ್ ಒತ್ತಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿ. ವಿಡಿಯೊ ಟಿಡಿಆರ್ ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್, ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದಲೇ ಇಳಿಸಿಕೊಳ್ಳಿ.

ಸ್ಕ್ರೀನೇ ಬರದೆ, ದೀಪ ಆರಿದ ಹಾಗೆ ಹೋದರೆ? ಆಗ ಬಿಸಿ ಅಥವಾ ಪವರ್. ಪ್ರೊಸೆಸರ್ ಹೆಚ್ಚುಕಡಿಮೆ 100 ಡಿಗ್ರಿ ಮುಟ್ಟಿದಾಗ ಮೊದಲು ತಾನೇ ನಿಧಾನ ಆಗುತ್ತದೆ, ಅದಕ್ಕೂ ಬಗ್ಗದಿದ್ದರೆ ಜೀವ ಉಳಿಸಿಕೊಳ್ಳಲು ಆಫ್. ಹೋಗುವ ಮುಂಚೆ ಫ್ಯಾನ್ ಕಿರುಚುತ್ತಿತ್ತಾ, ತಳ ಸುಡುತ್ತಿತ್ತಾ ನೆನಪು ಮಾಡಿಕೊಳ್ಳಿ. ಪವರ್ ಆದರೆ ನಮ್ಮ ಮನೆಗಳದ್ದೇ ಒಂದು ಕಥೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ಸದಾ ಚಾರ್ಜರ್ ಮೇಲೆ ಓಡಿಸುತ್ತೇವೆ. ಕರೆಂಟ್ ಹೋಗಿ ಮನೆಯ ಯುಪಿಎಸ್‌ಗೆ ಬದಲಾಗುವ ಆ ಕಣ್ಣು ಮಿಟುಕಿನಲ್ಲಿ ಬಲ್ಬ್ ಮಿನುಗುತ್ತದೆ, ಲ್ಯಾಪ್‌ಟಾಪ್ ಸತ್ತೇ ಹೋಗುತ್ತದೆ. ಚಾರ್ಜರ್ ಕಿತ್ತು ನೋಡಿ, ತಕ್ಷಣ ಆಫ್ ಆದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ. ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ ಬ್ಯಾಟರಿ ಊದಿದೆ ಅಂತ. ಅವತ್ತೇ ಬಳಕೆ ನಿಲ್ಲಿಸಿ, ನೀವೇ ಬಿಚ್ಚಲು ಹೋಗಬೇಡಿ.

ವಿಂಡೋಸ್ ತನ್ನ ಎರರ್‌ಗಳನ್ನೆಲ್ಲ ಬರೆದಿಡುವ ಈವೆಂಟ್ ವ್ಯೂವರ್ ತೆರೆದು ‘ಕರ್ನಲ್ ಪವರ್ 41’ ನೋಡಿ ಹೊಸ ಚಾರ್ಜರ್ ಕೊಂಡವರೂ ಇದ್ದಾರೆ. 41 ಹೇಳುವುದು ಇಷ್ಟೇ: ಹೋದ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ. ಅದು ನಮಗೂ ಗೊತ್ತಿತ್ತಲ್ವಾ! ಅದಕ್ಕಿಂತ ಸ್ಟಾರ್ಟ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಹುಡುಕಿ. ಯಾವ ದಿನದಿಂದ ಕೆಂಪು ಗುರುತು ಶುರುವಾಯಿತು, ಅದರ ಹಿಂದಿನ ದಿನ ಏನು ಇನ್‌ಸ್ಟಾಲ್ ಆಗಿತ್ತು, ಎರಡೂ ಒಂದೇ ಕಡೆ ಕಾಣುತ್ತದೆ.

ಫಾರ್ಮ್ಯಾಟ್ ಮಾತು ಬಂದಿದ್ದಕ್ಕೆ, ನೀವು ಕೇಳದೇ ಇದ್ದರೂ ಒಂದು ಹೇಳಿಬಿಡುತ್ತೇನೆ. ಇಷ್ಟೆಲ್ಲ ಓದಿಯೂ ಕೆಲವರು ಫಾರ್ಮ್ಯಾಟ್ ಹೊಡೆಸುತ್ತಾರೆ. ವಾರದ ಮೇಲೆ ಫೋನ್ ಬರುತ್ತದೆ: ‘ಸಾರ್, ನನ್ನ ಕನ್ನಡ ಫೈಲ್‌ಗೆಲ್ಲ ವೈರಸ್ ಬಂದುಬಿಟ್ಟಿದೆ!’ ತೆರೆದರೆ ತಲೆ ಮೇಲೆ ಚುಕ್ಕಿ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಏನೂ ಆಗಿಲ್ಲ. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಅದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತವೆ. ಕಂಪ್ಯೂಟರ್‌ಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ, ಫಾಂಟ್ ಇದ್ದರೆ ಮಾತ್ರ ಕನ್ನಡದ ವೇಷ. ಫಾರ್ಮ್ಯಾಟ್‌ನಲ್ಲಿ ಫಾಂಟ್ ಹೋಯಿತು, ವೇಷ ಕಳಚಿತು. ನುಡಿಯನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಫೈಲ್ ಮೊದಲಿನ ಹಾಗೇ ಕಾಣುತ್ತದೆ. ಹಾಗೇ ಅದೇ ಕೈಯಲ್ಲಿ ಅವನ್ನೆಲ್ಲ ಯೂನಿಕೋಡ್‌ಗೆ (ಕನ್ನಡವನ್ನು ಕನ್ನಡ ಅಂತಲೇ ಗುರುತಿಸುವ ಪದ್ಧತಿ) ಬದಲಿಸಿಟ್ಟುಕೊಳ್ಳಿ, ಆಗ ಯಾವ ಫೋನಿನಲ್ಲಿ ತೆರೆದರೂ ಓದಬಹುದು. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಅವು ಅಲ್ಲಲ್ಲಿ ಮುರಿದಿರುತ್ತವೆ. ಅಲ್ಲಿಯವರೆಗೆ ಹಳೇ ಫೈಲನ್ನು ಅಳಿಸಬೇಡಿ.