ಬಾಹ್ಯ ಪರಿಣಾಮ: ಸೇದುವವನು ಒಬ್ಬ, ಕೆಮ್ಮುವವರು ಹಲವರು

ಒಂದು ವ್ಯವಹಾರದ ಲಾಭ ಅಥವಾ ನಷ್ಟ ಅದರಲ್ಲಿ ಪಾಲೇ ಇಲ್ಲದ ಮೂರನೆಯವರಿಗೂ ತಟ್ಟಿದರೆ ಅರ್ಥಶಾಸ್ತ್ರ ಅದನ್ನು ಬಾಹ್ಯ ಪರಿಣಾಮ ಎನ್ನುತ್ತದೆ. ತುಮಕೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಬೀಡಿ ಹಚ್ಚಿದ ಎನ್ನಿ. ಅಂಗಡಿಯವನಿಗೆ ದುಡ್ಡು ಬಂತು, ಇವನಿಗೆ ಬೀಡಿ ಸಿಕ್ಕಿತು, ಪಕ್ಕದಲ್ಲಿ ಕೂಸನ್ನೆತ್ತಿಕೊಂಡು ನಿಂತ ತಾಯಿಯ ಪಾಲಿಗೆ ಬಂದದ್ದು ಹೊಗೆ. ಆ ಹೊಗೆಯ ಬೆಲೆ ಬೀಡಿ ಕಟ್ಟಿನ ಬೆಲೆಯಲ್ಲಿ ಸೇರಿಲ್ಲ. ಅದನ್ನು ತೆರಿಗೆಯ ಮೂಲಕ ಸೇರಿಸಬೇಕೆಂಬ ವಾದವನ್ನು ಬ್ರಿಟಿಷ್ ಅರ್ಥಶಾಸ್ತ್ರಜ್ಞ ಆರ್ಥರ್ ಪಿಗೂ 1920ರಲ್ಲಿ ವಿವರವಾಗಿ ಮುಂದಿಟ್ಟರು. 2008ರ ಅಕ್ಟೋಬರ್ 2ರಿಂದ ದೇಶದಲ್ಲಿ ಜಾರಿಗೆ ಬಂದ ಸಾರ್ವಜನಿಕ ಸ್ಥಳಗಳ ಧೂಮಪಾನ ನಿಷೇಧವನ್ನೂ ಇದೇ ತರ್ಕದಿಂದ ಸಮರ್ಥಿಸಬಹುದು. ಪರಿಣಾಮ ಒಳ್ಳೆಯದೂ ಆಗಿರಬಹುದು: ಒಂದು ಮಗುವಿಗೆ ದಡಾರದ ಲಸಿಕೆ ಹಾಕಿಸಿದರೆ ಓಣಿಯ ಉಳಿದ ಮಕ್ಕಳಿಗೂ ರಕ್ಷಣೆ. ಲಸಿಕೆಯನ್ನು ಸರ್ಕಾರ ಪುಕ್ಕಟೆ ಕೊಡುವುದಕ್ಕೆ ಇದೂ ಒಂದು ಕಾರಣ.

ನಮ್ಮ ಬಯಲುಸೀಮೆಯಲ್ಲಿ ಈ ಮಾತು ಹೆಚ್ಚು ಸುಡುವುದು ನೀರಿನ ವಿಷಯದಲ್ಲಿ. ಪಾವಗಡದಲ್ಲೋ ಬಾಗೇಪಲ್ಲಿಯಲ್ಲೋ ಒಬ್ಬರು ಕೊಳವೆಬಾವಿಯನ್ನು ಆಳಕ್ಕಿಳಿಸಿದರೆ ಪಕ್ಕದ ಹೊಲದ ಬಾವಿ ಬತ್ತುತ್ತದೆ. ಆ ಹೊಲದವರು ಇನ್ನೂ ಆಳಕ್ಕೆ ಹೋಗುತ್ತಾರೆ. ಆಳದ ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಫ್ಲೋರೈಡ್ ಕರಗಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ತೀರಾ ಹೆಚ್ಚಿದ್ದರೆ ವರ್ಷಗಳು ಕಳೆದಂತೆ ಮೂಳೆ ಕೀಲುಗಳು ಬಿಗಿಯುತ್ತವೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೊಡ ಹೊತ್ತು ತರುವ ಹೆಂಗಸಿಗೆ ‘ನಿನ್ನ ಆರೋಗ್ಯ ನಿನ್ನ ಕೈಲಿದೆ’ ಎಂದು ಹೇಳುವುದು ಅನ್ಯಾಯ. ನೀರಿನ ಪರೀಕ್ಷೆ, ಶುದ್ಧ ನೀರಿನ ಘಟಕ, ಅದು ಕೆಟ್ಟಾಗ ರಿಪೇರಿ, ಅಂತರ್ಜಲದ ಮೇಲೆ ಹಿಡಿತ: ಇವು ಒಂದೊಂದು ಮನೆಯ ಕೈಲಾಗುವ ಕೆಲಸಗಳಲ್ಲ.

ತನಗಷ್ಟೇ ಹಾನಿಯಾಗುವ ಚಟದಲ್ಲಿ ಸರ್ಕಾರ ತಲೆಹಾಕಬೇಕೇ ಎಂಬುದು ಬೇರೆಯೇ ಜಗಳ. ವ್ಯಸನಿಯೂ ನಾಳಿನ ನಷ್ಟವನ್ನು ಲೆಕ್ಕ ಹಾಕಿಯೇ ನಡೆಯುತ್ತಾನೆ ಎಂಬ ಸಿದ್ಧಾಂತವನ್ನು ಅಮೆರಿಕದ ಅರ್ಥಶಾಸ್ತ್ರಜ್ಞರಾದ ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ 1988ರಲ್ಲಿ ಮಂಡಿಸಿದರು. ನನಗದು ಒಪ್ಪಿಗೆಯಿಲ್ಲ. ಹೈಸ್ಕೂಲು ವಯಸ್ಸಿನಲ್ಲಿ ಮೊದಲ ದಮ್ಮು ಎಳೆಯುವ ಹುಡುಗ ತನ್ನ ಐವತ್ತನೇ ವಯಸ್ಸಿನ ಶ್ವಾಸಕೋಶವನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಆದ್ದರಿಂದ ಬೀಡಿಯ ಮೇಲೂ ತೆರಿಗೆ ಏರಬೇಕೆನ್ನುವವನು ನಾನು. ಆದರೆ ತುಮಕೂರಿನಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟಿ ಬದುಕುವ ಹೆಣ್ಣುಮಕ್ಕಳಿದ್ದಾರೆ. ಆ ತೆರಿಗೆಯ ಹಣ ಮೊದಲು ಅವರಿಗೆ ಬೇರೆ ಕೆಲಸ ಕಲ್ಪಿಸಲು ಹೋಗಬೇಕು.